ಒಂದೇ ಕಿಂಡಿ

ಟ್ಯಾಂಕಿನ ನಕ್ಷೆ ಬರೆದವರೇ ಅದರ ಮೊದಲ ಕಾಳಗದಲ್ಲಿ ಕೂರಬೇಕೆಂಬ ಕಾನೂನು ಕಾದಾಡುತ್ತಿದ್ದ ಎರಡೂ ದೇಶಗಳಲ್ಲಿತ್ತು. ನೀಲಾಂಬಿಕೆ ಬುತ್ತಿ ಕಟ್ಟಿಕೊಂಡು ಬಂದು ಕೂತಿದ್ದಳು. ಅವಳು ತನ್ನ ನಕ್ಷೆಯಲ್ಲಿ ಟ್ಯಾಂಕಿನ ತಿರುಗುವ ಗೋಪುರವನ್ನೇ ತೆಗೆದು, ಅದರಿಂದ ಉಳಿದ ತೂಕವನ್ನೆಲ್ಲ ಮುಂಭಾಗದ ಉಕ್ಕಿಗೆ ಹಾಕಿದ್ದಳು. ಹಾಗಾಗಿ ತೋಪು ಹೊರಳಬೇಕೆಂದರೆ ಇಡೀ ಟ್ಯಾಂಕೇ ಹೊರಳಬೇಕು.

ಗುಂಡು ಬಿದ್ದು ಅವಳ ಟ್ಯಾಂಕಿನ ಬಲಗಡೆಯ ಚಕ್ರಗಳ ಚೈನು ಹರಿಯಿತು. ಶತ್ರುವಿನ ಟ್ಯಾಂಕು ಎಡಗಡೆಯಿಂದ ನುಗ್ಗಿ ಬರುತ್ತಿತ್ತು.

"ರುಂಡ ತಗದ್ರಿ, ಕುತ್ತಿಗಿನಾದ್ರೂ ಬಿಡಬೇಕಿತ್ರಿ ಮೇಡಂ!" ಎಂದು ಚಾಲಕ ಮುದಕಪ್ಪ ಕಿರುಚಿದ.

"ಎಡಗಡೆ ಚೈನು ಹಿಂದಕ್ಕ ಓಡಸ್ರಿ! ತಾನಾಗೇ ಎಡಕ್ಕ ಹೊರಳತೈತಿ."

ಟ್ಯಾಂಕು ನರಳುತ್ತ ಹೊರಳಿತು. ನೀಲಾಂಬಿಕೆ ತೋಪು ಹಾರಿಸಿದಳು. ಶತ್ರುವಿನ ಟ್ಯಾಂಕು ಹೊತ್ತಿಕೊಂಡಿತು. ಅದರ ಕಿಂಡಿಯಿಂದ ಜೇಬಿನಲ್ಲಿ ಪೆನ್ಸಿಲ್ಲಿದ್ದ ಸಣಕಲು ಮುದುಕನೊಬ್ಬ ಜಾರಿ ಬಂದು ಓಡಿದ. ಹಿಂದೆಯೇ ಬಂದ ಚಾಲಕನ ಹೆಗಲು ಅದೇ ಕಿಂಡಿಯಲ್ಲಿ ಸಿಕ್ಕಿಕೊಂಡಿತು. ಅವನು ಅರಚುತ್ತ ಅಲ್ಲೇ ಬೆಂದುಹೋದ.

"ನಕ್ಷೆ ಬರದಾವ ಪಾರಾದ ನೋಡ್ರಿ," ಎಂದು ಮುದಕಪ್ಪ ಉಗುಳಿದ.

ನೀಲಾಂಬಿಕೆ ತಲೆಯೆತ್ತಿ ತನ್ನ ಟ್ಯಾಂಕಿನ ಒಂದೇ ಒಂದು ಕಿಂಡಿಯನ್ನು ನೋಡಿದಳು. ಉಕ್ಕು ಗಟ್ಟಿಯಿರಲೆಂದು ಅದನ್ನು ತನ್ನ ಹೆಗಲಿನ ಅಳತೆಗೇ ಕೊರೆಸಿದ್ದಳು.

ಹಿಂದಿನ ತಮ್ಮದೇ ಎಂಜಿನ್ನಿನಿಂದ ಹೊಗೆ ಒಳಗೆ ನುಗ್ಗತೊಡಗಿತು. ಅವಳು ಮುದಕಪ್ಪನ ಅಗಲವಾದ ಹೆಗಲನ್ನು ನೋಡಿದಳು.