ಮುಚ್ಚಿದ ಕೇಂದ್ರದ ಸಂಖ್ಯೆ

ದಾಖಲೆ ಕೋಣೆಯ ಬೀರುವಿಗೆ ಬೆನ್ನು ಕೊಟ್ಟು ಕಾತ್ಯಾಯಿನಿ ನಿಂತೇಬಿಟ್ಟಳು. ಬೀಗದ ಕೈ ಮುಷ್ಟಿಯಲ್ಲಿತ್ತು. ಎದುರಿಗೆ ಕುಲಪತಿ ದೇವರಾಜ್, ಅವರ ಹಿಂದೆ ಲ್ಯಾಪ್‌ಟಾಪ್ ಹಿಡಿದ ಅವರ ಸಹಾಯಕಿ ಸುರಭಿ.

“ಬೀರು ನೀವೇ ಇಟ್ಕೊಳ್ಳಿ ಮೇಡಂ. ನಮಗೆ ಬೇಕಾಗಿರೋದು ನಿಮ್ಮ ಒಪ್ಪಿಗೆ ಅಷ್ಟೇ,” ಎಂದರು ದೇವರಾಜ್.

“ಕೊಡಲ್ಲ.”

ವಿಷಯ ಇಷ್ಟೇ. ಹೊಸಕೆರೆಹಳ್ಳಿಯಲ್ಲಿ ಕೆರೆ ನೀರಿನ ಪರೀಕ್ಷೆ ಮಾಡುವ ಪುಟ್ಟ ಸಂಶೋಧನಾ ಕೇಂದ್ರವೊಂದಿತ್ತು. ಅದನ್ನು ಕಟ್ಟಿದ ವಿಜ್ಞಾನಿ ಉಗ್ರಪ್ಪನವರು ಹೋದ ವರ್ಷ ತೀರಿಕೊಂಡರು, ಕೇಂದ್ರವೂ ಮುಚ್ಚಿತು. ಜೆ.ಪಿ. ನಗರದ ಈ ಖಾಸಗಿ ವಿಶ್ವವಿದ್ಯಾಲಯ ಅದನ್ನು ಕೊಂಡಿತು. ಮೇಜು ಕುರ್ಚಿಗಳ ಜೊತೆ ಇಬ್ಬರು ಬಂದರು. ಅಲ್ಲಿನ ದಾಖಲೆಗಳನ್ನು ಇಪ್ಪತ್ತಾರು ವರ್ಷ ನೋಡಿಕೊಂಡಿದ್ದ ಕಾತ್ಯಾಯಿನಿ, ಮತ್ತು ಕೆರೆಗಿಳಿದು ಬಾಟಲಿಗಳಿಗೆ ನೀರು ತುಂಬಿ ತರುತ್ತಿದ್ದ ಬೋರಣ್ಣ. ಇಬ್ಬರದೂ ಕಾಂಟ್ರ್ಯಾಕ್ಟ್ ಕೆಲಸ.

ಪ್ರತಿ ಸಂಶೋಧನಾ ಸಂಸ್ಥೆಗೂ ಒಂದು ಶಾಶ್ವತ ಗುರುತಿನ ಸಂಖ್ಯೆ ಇರುತ್ತದೆ, ನಮಗೆಲ್ಲ ಆಧಾರ್ ಇದ್ದ ಹಾಗೆ. ಅಲ್ಲಿಂದ ಬಂದ ಪ್ರಬಂಧಗಳೆಷ್ಟು, ಆಮೇಲೆ ಅವುಗಳ ಗತಿ ಏನಾಯಿತು, ಎಲ್ಲವೂ ಆ ಸಂಖ್ಯೆಯ ಹೆಸರಿಗೇ ಬಂದು ಬೀಳುತ್ತದೆ. ಸಂಸ್ಥೆ ಸತ್ತರೂ ಸಂಖ್ಯೆ ಸಾಯುವುದಿಲ್ಲ. ಉಗ್ರಪ್ಪನವರ ಮೂವತ್ತೆಂಟು ಪ್ರಬಂಧಗಳು ಹಳೆಯ ಕೇಂದ್ರದ ಸಂಖ್ಯೆಯಲ್ಲೇ ಇದ್ದವು. ಅವನ್ನು ತಮ್ಮ ವಿಶ್ವವಿದ್ಯಾಲಯದ ಸಂಖ್ಯೆಗೆ ಬರೆಸಿಕೊಳ್ಳಬೇಕೆಂದು ದೇವರಾಜ್ ಹಟ ಹಿಡಿದಿದ್ದರು. ತಿಂಗಳ ಕೊನೆಗೆ ಪ್ರಬಂಧಗಳ ಲೆಕ್ಕ ಹಿಡಿದು ಕೊಡುವ ವಿಶ್ವವಿದ್ಯಾಲಯಗಳ ರ್‍ಯಾಂಕಿಂಗ್ ಇತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಆದರೆ ಹಳೆಯ ಸಂಖ್ಯೆಯ ಉಸ್ತುವಾರಿ ಇನ್ನೂ ಕಾತ್ಯಾಯಿನಿಯ ಹೆಸರಲ್ಲಿತ್ತು. ಅವಳು ಒಪ್ಪದೆ ಒಂದು ಪ್ರಬಂಧವೂ ಅಲುಗುವಂತಿರಲಿಲ್ಲ.

“ಒಳ್ಳೇದೋ ಕೆಟ್ಟದ್ದೋ, ಅವು ಆ ಕೇಂದ್ರದ ಹೆಸರಲ್ಲೇ ಇರ್ಲಿ ಸಾರ್. ಯಾಕೆ ಅಂತ ಹೇಳ್ತೀನಿ, ಎರಡು ನಿಮಿಷ ಕೂತ್ಕೊಳ್ಳಿ.”

ದೇವರಾಜ್ ಕೂರಲಿಲ್ಲ. ಇನ್ನೊಬ್ಬರ ಮಾತು ಕೇಳುವ ಜಾಯಮಾನವೇ ಅವರದಲ್ಲ. ಸತ್ತ ಗುರುಗಳ ಮೇಲಿನ ಭಕ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಹೇಳಿ ಹೊರಟರು. ಕಾತ್ಯಾಯಿನಿಯ ಕಣ್ಣು ಗೋಡೆಯ ಮೇಲಿನ ಉಗ್ರಪ್ಪನವರ ಫೋಟೋದತ್ತ ಹೋಯಿತು. ಗಾಜಿನ ಮೇಲೆ ಧೂಳು ಕೂತಿತ್ತು. ಅವಳು ಹಲ್ಲು ಕಚ್ಚಿದಳು.

ಮೂರು ವಾರ ಜಗಳ ನಡೆಯಿತು. ಎರಡು ಸಲ ಕಾತ್ಯಾಯಿನಿ ಕುಲಪತಿಗಳ ಕೋಣೆಗೇ ನುಗ್ಗಿದಳು, ಎರಡು ಸಲವೂ ಬಾಯಿ ತೆರೆಯುವ ಮೊದಲೇ ಹೊರಗೆ ಕಳಿಸಿದರು. ಅವಳ ಮೂರು ಪತ್ರಗಳನ್ನು ಯಾರೂ ಒಡೆಯಲಿಲ್ಲ. ಗುರುವಿನ ಹೆಸರು ಕಾಯುವ ಹೆಂಗಸು ಎಂದು ಕ್ಯಾಂಟೀನಿನಲ್ಲಿ ನಕ್ಕರು. ಸುರಭಿಗೆ ಮಾತ್ರ ಪಾಪ ಅನ್ನಿಸಿ, ಬೀರುವಿನಲ್ಲಿ ಅಂಥದ್ದೇನಿದೆ ಎಂದು ಕೇಳಿದಳು.

“ಬೋರಣ್ಣನ ನೋಟ್‌ಬುಕ್ಕುಗಳು. ಯಾವತ್ತು ನೀರು ತಂದ, ಯಾವತ್ತು ತರ್ಲಿಲ್ಲ, ಎಲ್ಲಾ ಅದರಲ್ಲಿದೆ.”

ಅಷ್ಟಕ್ಕಾಗಿ ಇಷ್ಟು ರಂಪವೇ ಎಂದು ಸುರಭಿಗೆ ಅನ್ನಿಸಿತು.

ಕೊನೆಗೆ ದೇವರಾಜ್ ಬೋರಣ್ಣನನ್ನು ಹಿಡಿದರು. ಕಾತ್ಯಾಯಿನಿ ಒಪ್ಪದಿದ್ದರೆ ಒಂದನೇ ತಾರೀಖಿನಿಂದ ಅವನಿಗೆ ಕೆಲಸವಿಲ್ಲ. ಐವತ್ತೆಂಟು ವರ್ಷದವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಕಾತ್ಯಾಯಿನಿಯ ಮೈ ಉರಿದುಹೋಯಿತು. ಇವರ ರ್‍ಯಾಂಕಿಂಗ್ ಹುಚ್ಚಿಗೆ ಬೆಂಕಿ ಹಾಕ!

“ಆಯ್ತು, ಒಪ್ತೀನಿ. ಬೋರಣ್ಣನಿಗೆ ಎರಡು ವರ್ಷದ ಆರ್ಡರ್ ಕೊಡಿ. ನಾನು ಬೇಡ ಅಂದೆ, ನೀವೇ ಮಾಡಿಸಿದ್ರಿ ಅಂತ ಬರೆದೂ ಕೊಡಿ.”

ದೇವರಾಜ್ ನಗುತ್ತಲೇ ಎರಡಕ್ಕೂ ಸಹಿ ಹಾಕಿದರು. ಸುರಭಿ ಲ್ಯಾಪ್‌ಟಾಪ್ ತಿರುಗಿಸಿದಳು. ಕಾತ್ಯಾಯಿನಿ ಗುಂಡಿ ಒತ್ತಿದಳು. ಮೂವತ್ತೆಂಟೂ ವಿಶ್ವವಿದ್ಯಾಲಯದ ಸಂಖ್ಯೆಗೆ ಬಂದವು. ಸಂಜೆಯೊಳಗೆ ಗೇಟಿನ ಮೇಲೆ ಅಭಿನಂದನೆಯ ಬ್ಯಾನರ್ ಏರಿತು.

ಸೋಮವಾರ ಬೆಳಿಗ್ಗೆ ಮೂವರೂ ದಾಖಲೆ ಕೋಣೆಯಲ್ಲಿದ್ದಾಗ ಆ ಪ್ರಬಂಧಗಳ ಪ್ರಕಾಶಕರಿಂದ ಇ-ಮೇಲ್ ಬಂತು. ದೇವರಾಜ್ ಗಟ್ಟಿಯಾಗಿ ಓದು ಎಂದರು. ಸುರಭಿ ಓದತೊಡಗಿದಳು. ಎರಡು ವರ್ಷದ ತನಿಖೆ ಮುಗಿದಿದೆ. ಯಾರೂ ಕೆರೆಗೆ ಇಳಿಯದ ದಿನಗಳಿಗೂ ಉಗ್ರಪ್ಪನವರು ಅಂಕಿಗಳನ್ನು ಹುಟ್ಟಿಸಿ ಬರೆದಿದ್ದಾರೆ. ಮೂವತ್ತೆಂಟು ಪ್ರಬಂಧಗಳನ್ನೂ ರದ್ದುಪಡಿಸಲಾಗಿದೆ. ಅವು ಈಗ ಯಾವ ಸಂಸ್ಥೆಯ ಸಂಖ್ಯೆಯಲ್ಲಿವೆಯೋ ಕಳಂಕ ಆ ಸಂಸ್ಥೆಗೇ ಸೇರುತ್ತದೆ.

ಕೊನೆಯ ಸಾಲು ಓದುವ ಮೊದಲು ಸುರಭಿ ಒಮ್ಮೆ ಬೀರುವಿನ ಕಡೆ ನೋಡಿದಳು.

“ದೂರು ಕೊಟ್ಟು, ನೋಟ್‌ಬುಕ್ಕುಗಳ ಪ್ರತಿ ಒದಗಿಸಿದವರು: ಕಾತ್ಯಾಯಿನಿ, ದಾಖಲೆ ವಿಭಾಗ, ಹೊಸಕೆರೆಹಳ್ಳಿ.”