ಮಂಡಿಯೊಳಗಿನ ಬಿದಿಗೆ ಚಂದ್ರ

ಮೊದಲ ಮರದ ಮೆಟ್ಟಿಲಿನ ಮುಂದೆ ನಿಂತು ರೇಯಾಲ್ ತನ್ನ ಬಲಮಂಡಿಗೆ ಬಿಗಿದಿದ್ದ ಬ್ರೇಸ್‌ನ ಪಟ್ಟಿಗೆ ಕೈ ಹಾಕಿದ. ಮಗಳು ಸೊಲಾಂಜ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಚ್ಚಿದ್ರೆ ನೋಡು ಮತ್ತೆ!"

ಶುಭ ಶುಕ್ರವಾರದ ಬೆಳಿಗ್ಗೆ. ಮಾಂಟ್ರಿಯಲ್‌ನ ಗುಡ್ಡದ ಮೇಲಿನ ಸಂತ ಜೋಸೆಫರ ಸನ್ನಿಧಿಗೆ ಜನ ಏರುತ್ತಿದ್ದರು. ನಡುವಿನ ಮರದ ಸಾಲು ಮಂಡಿಯೂರಿ ಏರುವವರದು, ಮೆಟ್ಟಿಲಿಗೊಂದು ಪ್ರಾರ್ಥನೆ. ಪಕ್ಕದ ಸಿಮೆಂಟಿನ ಸಾಲು ನಡೆಯುವವರದು. ಚಳಿಗಾಲದಲ್ಲಿ ಹೆಂಡತಿ ಕೊಲೆತ್ ಆಸ್ಪತ್ರೆಯಲ್ಲಿ ಉಸಿರಿಗಾಗಿ ಹೆಣಗುತ್ತಿದ್ದಾಗ, ಅವಳು ಮನೆಗೆ ಬಂದರೆ ಶುಭ ಶುಕ್ರವಾರದಂದು ಇಲ್ಲಿ ಮಂಡಿಯ ಮೇಲೆ ಏರುತ್ತೇನೆಂದು ರೇಯಾಲ್ ಹರಕೆ ಹೊತ್ತಿದ್ದ. ಅವಳು ಬಂದಳು. ಆದರೆ ಅವಳು ಬರುವ ದಿನ ಮನೆ ಮುಂದಿನ ಹಿಮ ಎತ್ತಿ ಹಾಕುವಾಗ, ಪಾದ ನೆಟ್ಟಲ್ಲೇ ಉಳಿದು ಮೈ ಮಾತ್ರ ತಿರುಗಿ, ಅವನ ಮಂಡಿಯೊಳಗಿನ ಮೆನಿಸ್ಕಸ್ ಹರಿದಿತ್ತು.

"ಅಪ್ಪಾ, ಅದು ಎರಡು ಮೂಳೆ ನಡುವೆ ಬಿದಿಗೆ ಚಂದ್ರನ ಹಾಗಿರೋ ಮೆತ್ತೆ," ಎಂದಳು ಸೊಲಾಂಜ್. ಅವಳು ಫಿಸಿಯೋಥೆರಪಿ ಕಲಿತವಳು. "ಕಾಲು ನೆಟ್ಟಗಿದ್ರೆ ಭಾರ ಅದರ ತುಂಬ ಹಂಚಿಹೋಗತ್ತೆ. ಮಂಡಿ ಪೂರ್ತಿ ಮಡಚಿದ್ರೆ ತೊಡೆಮೂಳೆ ಹಿಂದಕ್ಕೆ ಉರುಳಿ ಹಿಂದಿನ ತುದೀನ ಹಿಂಡತ್ತೆ. ಹೊಲಿಗೆ ಇರೋದೇ ಅಲ್ಲಿ! ಹರಿದಿರೋದು ಹೊರಗಿನ ಅಂಚು, ಅಲ್ಲಿಗೆ ರಕ್ತ ಹರಿಯತ್ತೆ, ವಾಸಿಯಾಗತ್ತೆ ಅಂತ ಡಾಕ್ಟ್ರು ಕತ್ತರಿಸಿ ಬಿಸಾಡದೆ ಹೊಲಿದಿದ್ದಾರೆ. ಕೂಡಿಕೊಳ್ಳೋಕೆ ಬಿಡು."

"ಸಂತ ಜೋಸೆಫ್ ಬಡಗಿ ತಾನೆ? ಹೊಲಿಗೆ ಬಿಟ್ರೆ ಅವನೇ ಒಂದು ಮೊಳೆ ಹೊಡೀತಾನೆ."

ಪಕ್ಕದಲ್ಲೇ ನಿಂತಿದ್ದ ಕೊಲೆತ್ ಕೈಚೀಲವನ್ನು ಮಗಳಿಗೆ ಕೊಟ್ಟು, ಸ್ಕರ್ಟು ಸರಿಮಾಡಿಕೊಂಡು, ಮೊದಲ ಮೆಟ್ಟಿಲಿನ ಮೇಲೆ ಮಂಡಿಯೂರಿದಳು.

"ಏ, ಏಳು! ಹರಕೆ ನಂದು."

"ಯಾರಿಗೋಸ್ಕರ ಹೊತ್ತಿದ್ದು?"

"ನಿನಗೋಸ್ಕರ."

"ಮತ್ತೆ? ಉಸಿರು ನಂದು, ಮಾತು ನಿಂದು. ಮಂಡಿ ಯಾರದ್ದಾದ್ರೇನು? ನನ್ನವೆರಡೂ ಗಟ್ಟಿ ಇವೆ. ಪಕ್ಕದಲ್ಲಿ ನಡ್ಕೊಂಡು ಬಾ, ಮುದುಕಾ."

"ದೇವರು ಒಪ್ಪಬೇಕಲ್ಲ."

"ನಿನ್ನ ಗೊರಕೆ ನಿಲ್ಲಿಸು ಅಂತ ಮದುವೆಯಾದಾಗಿಂದ ಬೇಡ್ತಾ ಇದ್ದೀನಿ. ಅದನ್ನಂತೂ ನಡೆಸಿಕೊಡಲಿಲ್ಲ. ಇದನ್ನಾದ್ರೂ ಒಪ್ತಾನೆ."

ರೇಯಾಲ್ ತಲೆಯೆತ್ತಿ ಮೇಲಿನ ಹಸಿರು ಗುಮ್ಮಟವನ್ನು ನೋಡಿದ. ಟೊಪ್ಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಬ್ರೇಸ್‌ನ ಪಟ್ಟಿಯನ್ನು ತಾನೇ ಮತ್ತೆ ಬಿಗಿದು ಸಿಮೆಂಟಿನ ಸಾಲಿಗೆ ಸರಿದ.

ಒಳ್ಳೆಯ ಕಾಲು ಮೊದಲು ಮೇಲೆ. ಹಲಗೆಯಂತೆ ಸೆಟೆದ ಇನ್ನೊಂದನ್ನು ಆಮೇಲೆ ಎಳೆದುಕೊಳ್ಳಬೇಕು. ಹಾಗಾಗಿ ನಡೆದು ಏರುವವನಿಗಾಗಿ ಮಂಡಿಯಲ್ಲಿ ಏರುವವಳು ಪ್ರತಿ ಮೆಟ್ಟಿಲಿನಲ್ಲೂ ಕಾಯಬೇಕಾಯಿತು. ಏದುಸಿರು ಬಿಡುತ್ತ ಅವನು ಪಕ್ಕಕ್ಕೆ ಬಂದಾಗಲೆಲ್ಲ ಅವಳ ತುಟಿ ಇನ್ನೂ ಅಲುಗುತ್ತಲೇ ಇರುತ್ತಿತ್ತು.

"ಮೆಟ್ಟಿಲಿಗೆ ಒಂದೇ ಪ್ರಾರ್ಥನೆ ಕಣೇ. ಎಷ್ಟು ಹೇಳ್ತೀಯ?"

"ಹರಕೇದು ಆಗ್ಲೇ ಮುಗೀತು," ಕೊಲೆತ್ ಕಣ್ಣು ತೆರೆಯದೆ ಹೇಳಿದಳು. "ಇದು ನಿನ್ನ ಹೊಲಿಗೆಗೆ."