ಕೆಂಪು ಮಾಸಿದ ಹಕ್ಕಿ

“ಇದು ನಮ್ಮ ಹಕ್ಕಿ ಅಲ್ಲ,” ಎಂದಳು ಸುಮನಾ.

ಪಂಜರವನ್ನು ಅವಳ ಕೈಗೆ ಕೊಡಲೆಂದು ಎತ್ತಿದ್ದ ಕಾವೇರಮ್ಮ ಹಾಗೇ ನಿಂತುಬಿಟ್ಟರು. ಬಾಣಂತನಕ್ಕೆ ಮಾಗಡಿಯ ತವರಿಗೆ ಹೋಗುವಾಗ, ಗಂಡನಿಗೆ ಶಿಫ್ಟ್ ಕೆಲಸವಾದ್ದರಿಂದ, ಸುಮನಾ ಪಕ್ಕದ ಮನೆಯ ಇವರಿಗೆ ಒಪ್ಪಿಸಿ ಹೋಗಿದ್ದು ಹಣ್ಣು ಮೆಣಸಿನಕಾಯಿಯಂಥ ಕೆಂಪು ಕ್ಯಾನರಿಯನ್ನು. ಈಗ ಪಂಜರದೊಳಗೆ ಕುಪ್ಪಳಿಸುತ್ತಿದ್ದುದು ಮಾಸಲು ಕಿತ್ತಳೆ ಬಣ್ಣದ್ದು. ಎದೆಯ ಹತ್ತಿರವಂತೂ ತಿಳಿಹಳದಿ.

“ಅದೇ ಕಣವ್ವ. ಶ್ರಾವಣದಲ್ಲಿ ಪುಕ್ಕ ಎಲ್ಲ ಉದುರ್ಬುಡ್ತು. ಆಮೇಲೆ ಬಂದಿದ್ದು ಹಿಂಗೆ ಬಂತು.”

“ಪುಕ್ಕ ಉದುರಿದ್ರೆ ಬಣ್ಣ ಹೋಯ್ತದಾ ದೊಡ್ಡಮ್ಮ? ಸತ್ತೋಗಿದ್ರೆ ಸತ್ತೋಯ್ತು ಅಂತ ಹೇಳಿ, ನಾನೇನೂ ಅಂದ್ಕಳಲ್ಲ. ಬೇರೆದು ತಂದಿಟ್ಟು ಸುಳ್ಳು ಯಾಕೆ ಹೇಳ್ತೀರಿ?”

ಕಾವೇರಮ್ಮ ಪಂಜರ ಕೆಳಗಿಟ್ಟು ಒಳಗೆ ಹೋದರು. ಶ್ರಾವಣದಲ್ಲಿ ಅವರ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಆದರೂ ಸೊರಗಿ ಕೂತ ಹಕ್ಕಿಯನ್ನು ನೋಡಲಾಗದೆ, ಹಿತ್ತಲಲ್ಲಿ ಬೇರೆ ಒಲೆ ಹೂಡಿ, ಬೇರೆ ಪಾತ್ರೆ ಇಟ್ಟು, ದಿನಾ ಮೊಟ್ಟೆ ಬೇಯಿಸಿ ಪುಡಿ ಮಾಡಿ ತಿನ್ನಿಸಿದ್ದರು. ಅದನ್ನೆಲ್ಲ ಹೇಳಿಕೊಳ್ಳಲು ಮನಸ್ಸಾಗಲಿಲ್ಲ. ಉದುರಿದ ಪುಕ್ಕಗಳನ್ನು ಕೂಡಿಟ್ಟಿದ್ದ ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದರು. ಒಳಗೆಲ್ಲ ಕಡುಗೆಂಪು.

ಸುಮನಾ ಬಗ್ಗಿ ನೋಡಿದಳು. “ಸತ್ತ ಹಕ್ಕಿಗೂ ಪುಕ್ಕ ಇರ್ತದೆ,” ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟೇ ಹೋದಳು.

ಸಂಜೆ ಅವಳ ಗಂಡ ಮನು ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿಕೊಂಡು ಬಂದವನು, ಬೂಟನ್ನೂ ಬಿಚ್ಚದೆ ಕಾವೇರಮ್ಮನ ಬಾಗಿಲಿಗೆ ಬಂದ.

“ತಪ್ಪು ನಂದು ದೊಡ್ಡಮ್ಮ. ಅದಕ್ಕೊಂದು ಬಣ್ಣದ ಪುಡಿ ಐತೆ. ಹೊಸ ಪುಕ್ಕ ಬರೋವಾಗ ಕಾಳಿಗೆ ಕಲ್ಸಿ ಹಾಕ್ಬೇಕು, ಆಗ್ಲೇ ಕೆಂಪಗೆ ಬರೋದು. ಹೋದ ವರ್ಷ ನಾನೇ ಹಾಕ್ತಿದ್ದೆ. ಹಕ್ಕಿ ಹುಟ್ಟಿದ್ದೇ ಹಂಗೆ ಅಂದ್ಕಂಡು ಸುಮನಾ ಎಲ್ಲರಿಗೂ ತೋರಿಸ್ಕಂಡು ಓಡಾಡ್ತಿದ್ಲು, ನಾನೂ ಸುಮ್ಕಿದ್ದೆ. ನಿಮ್ಗೆ ಹೇಳೋದು ಮರ್ತೇಹೋಯ್ತು.”

“ಅವಳಿಗೆ ಹೇಳಿದ್ಯಾ?”

“ಹೇಳ್ದೆ. ಅಳ್ತಾ ಕೂತವ್ಳೆ. ನಿಮ್ ಮುಖ ಹೆಂಗೆ ನೋಡ್ಲಿ ಅಂತಾಳೆ.”

ಕಾವೇರಮ್ಮ ಪಂಜರ ಎತ್ತಿ ಅವನ ಕೈಗಿಟ್ಟರು. “ಮೊಟ್ಟೆ ಒಸಿ ಒಸೀನೇ ಹಾಕು. ಜಾಸ್ತಿ ಹಾಕಿದ್ರೆ ಚೆಲ್ತದೆ,” ಎಂದಷ್ಟೇ ಹೇಳಿ ಬಾಗಿಲು ಮುಂದೆ ಮಾಡಿಕೊಂಡರು. ಮರುದಿನ ಬೆಳಿಗ್ಗೆ ಹಕ್ಕಿಯ ಹಾಡು ಪಕ್ಕದ ಮನೆಯಿಂದ ಕೇಳಿಸಿತು. ಎದ್ದವರು ಅಭ್ಯಾಸಬಲದಿಂದ ಕಾಳಿನ ಬಟ್ಟಲು ಹುಡುಕಿ, ನೆನಪಾಗಿ ಒಲೆ ಹಚ್ಚಲು ಹೋದರು.

ಸುಮನಾ ಎರಡು ಮೂರು ದಿನ ಇತ್ತ ಸುಳಿಯಲಿಲ್ಲ. ನೀರು ಹಿಡಿಯುವಾಗ ಎದುರಾದರೂ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಆಮೇಲೊಂದು ಬೆಳಿಗ್ಗೆ ಸೀರೆ ಉಟ್ಟು, ಬ್ಯಾಗು ಹಾಕಿಕೊಂಡು, ಮಗುವಿನ ಸಮೇತ ಹೊಸ್ತಿಲ ಆಚೆ ಬಂದು ನಿಂತಳು. ತವರಿನಿಂದ ಬಂದಾಗಿನಿಂದ ಆ ಮಗುವನ್ನು ಅವಳು ನಂಟರಿಷ್ಟರ ಕೈಗೂ ಕೊಟ್ಟಿರಲಿಲ್ಲ. ದೃಷ್ಟಿ, ಸೋಂಕು ಎಂದು ಏನಾದರೊಂದು ನೆಪ ಹೇಳುತ್ತಿದ್ದಳು.

“ಬ್ಯಾಂಕ್‌ಗೆ ಹೋಗ್ಬೇಕಿತ್ತು ದೊಡ್ಡಮ್ಮ. ಬೇಗ ಬಂದ್ಬುಡ್ತೀನಿ. ಮಗೂನ…” ಎಂದಳು. ಮಗುವನ್ನು ಮುಂದಕ್ಕೆ ಚಾಚಿದಳು. ಕಣ್ಣು ತುಂಬಿತ್ತು.

ಕಾವೇರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಗುವನ್ನು ಎತ್ತಿಕೊಂಡರು. ಅದರ ಕೆನ್ನೆ, ಕಾಲು, ಬೆರಳನ್ನೆಲ್ಲ ಒಮ್ಮೆ ನೋಡಿ ಎದೆಗೆ ಒರಗಿಸಿಕೊಂಡು ಹೇಳಿದರು:

“ಹೋಗ್ಬಾ. ಬಂದ್ಮೇಲೆ ಚೆನ್ನಾಗಿ ನೋಡಿ ಎತ್ಕಂಡೋಗವ್ವ. ನಮ್ಮನೇಲಿ ಬಣ್ಣ ಬದಲಾಯ್ತದೆ.”